ದೃಷ್ಟಿದೋಷವುಳ್ಳ ಸಹೋದ್ಯೋಗಿಗೆ ಸಹಾಯಕರಾಗಿ ಕೆಲಸ ಮಾಡುವವರಿಗೆ: ಕಚೇರಿಯಲ್ಲಿ ಮೊದಲ ದಿನದಿಂದ ತಿಳಿದಿರಬೇಕಾದದ್ದು

"ನಮ್ಮ ಶಾಖೆಗೆ ಕಣ್ಣು ಕಾಣದ ಮೇಡಂ ಒಬ್ಬರು ವರ್ಗವಾಗಿ ಬಂದಿದ್ದಾರೆ. ಅವರ ಜೊತೆ ಇರಲು ನನಗೆ ಹೇಳಿದ್ದಾರೆ. ಏನು ಮಾಡಬೇಕು, ಏನು ಮಾಡಬಾರದು?" ಎಂಬ ಪ್ರಶ್ನೆ ನನಗೆ ಪದೇ ಪದೇ ಬರುತ್ತಿರುತ್ತದೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರಿಸುವ ಬದಲು, ಕಂದಾಯ ಕಚೇರಿಯೊಂದರಲ್ಲಿ ಅಂಧ ಅಧಿಕಾರಿಯೊಬ್ಬರಿಗೆ ಸಹಾಯಕನಾಗಿದ್ದ ವರ್ಷಗಳಲ್ಲಿ ಕಲಿತದ್ದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಸರ್ಕಾರಿ ಕಚೇರಿಯವು. ಬ್ಯಾಂಕಿನಲ್ಲಿ, ಕಾಲೇಜಿನಲ್ಲಿ, ಖಾಸಗಿ ಕಂಪನಿಯಲ್ಲಿ ಇರುವವರು ಕಡತದ ಜಾಗದಲ್ಲಿ ತಮ್ಮ ಕಾಗದಪತ್ರಗಳನ್ನು ಇಟ್ಟುಕೊಂಡು ಓದಬಹುದು.

ಎಲ್ಲಕ್ಕೂ ಮೊದಲು ಒಂದು ವಿಷಯ ಸ್ಪಷ್ಟವಾಗಿರಲಿ. ಕಾಗದದಲ್ಲಿ ಇರುವುದನ್ನು ಇದ್ದಂತೆ ತಲುಪಿಸುವುದು ನಿಮ್ಮ ಕೆಲಸ, ಅದರ ಮೇಲೆ ತೀರ್ಮಾನ ತೆಗೆದುಕೊಳ್ಳುವುದು ಅವರ ಕೆಲಸ. ನಾನು ಕಂಡ ತಪ್ಪುಗಳಲ್ಲಿ ಮುಕ್ಕಾಲು ಪಾಲು ಈ ಗಡಿ ದಾಟಿದ್ದರಿಂದ ಆದವು, ಮತ್ತು ಅವುಗಳಲ್ಲಿ ಬಹುತೇಕ ಒಳ್ಳೆಯ ಉದ್ದೇಶದಿಂದಲೇ ಆದವು.

ಕೆಲವು ಪದಗಳು

ಅಂಧತ್ವ ಎಂದರೆ ಪೂರ್ತಿ ಕತ್ತಲೆ ಎಂದು ಭಾವಿಸಬೇಡಿ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ ಪ್ರಕಾರ, ಕನ್ನಡಕ ಹಾಕಿಕೊಂಡ ಮೇಲೂ ಹೆಚ್ಚು ಚೆನ್ನಾಗಿರುವ ಕಣ್ಣಿನ ದೃಷ್ಟಿ 3/60ಕ್ಕಿಂತ ಕಡಿಮೆ ಇದ್ದರೆ, ಅಥವಾ ಕಣ್ಣಿಗೆ ಸಿಗುವ ನೋಟದ ಹರವು 10 ಡಿಗ್ರಿಗಿಂತ ಕಿರಿದಾಗಿದ್ದರೆ ಅದು ಅಂಧತ್ವ. 3/60 ಎಂದರೆ ಬೇರೆಯವರಿಗೆ 60 ಮೀಟರ್ ದೂರದಿಂದ ಕಾಣುವುದನ್ನು ನೋಡಲು ಇವರು 3 ಮೀಟರ್ ಹತ್ತಿರಕ್ಕೆ ಬರಬೇಕು ಎಂದರ್ಥ. ಇದಕ್ಕಿಂತ ಸ್ವಲ್ಪ ಮೇಲಿನ ಹಂತ, ಅಂದರೆ 6/18ರಿಂದ 3/60ರವರೆಗಿನದು, ಮಂದದೃಷ್ಟಿ.

ಸಮಂಜಸ ಹೊಂದಾಣಿಕೆ ಎಂಬುದು ಅದೇ ಕಾನೂನಿನ ಇನ್ನೊಂದು ಮಾತು. ವಿಕಲಚೇತನ ನೌಕರರು ಉಳಿದವರಂತೆ ಕೆಲಸ ಮಾಡಲು ಬೇಕಾದ ಬದಲಾವಣೆಗಳನ್ನು, ಕಚೇರಿಯ ಮೇಲೆ ವಿಪರೀತ ಹೊರೆ ಬೀಳದ ಮಟ್ಟಿಗೆ, ಮಾಡಿಕೊಡುವುದಕ್ಕೆ ಈ ಹೆಸರು. ಅದನ್ನು ನಿರಾಕರಿಸುವುದನ್ನು ಕಾನೂನು ತಾರತಮ್ಯವೆಂದೇ ಎಣಿಸುತ್ತದೆ. ಹೀಗಾಗಿ ನಿಮ್ಮನ್ನು ಸಹಾಯಕರಾಗಿ ಹಾಕಿರುವುದು ಯಾರದೋ ದೊಡ್ಡ ಮನಸ್ಸಿನಿಂದ ಆದ ಉಪಕಾರವಲ್ಲ.

ಸ್ಕ್ರೀನ್ ರೀಡರ್ ಎಂದರೆ ಕಂಪ್ಯೂಟರ್ ಅಥವಾ ಫೋನಿನ ಪರದೆಯ ಮೇಲಿರುವುದನ್ನು ಧ್ವನಿಯಲ್ಲಿ ಓದಿ ಹೇಳುವ ತಂತ್ರಾಂಶ. ಕಂಪ್ಯೂಟರಿನಲ್ಲಿ ಎನ್‌ವಿಡಿಎ ಮತ್ತು ಜಾಸ್, ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಹೆಚ್ಚು ಬಳಕೆಯಲ್ಲಿವೆ. ಎನ್‌ವಿಡಿಎ ಉಚಿತ. 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಅದನ್ನು ಆರಂಭಿಸಿದವರು ಸ್ವತಃ ಅಂಧರು. ಅದರೊಂದಿಗೇ ಬರುವ ಧ್ವನಿಗಳಲ್ಲಿ ಕನ್ನಡವೂ ಇದೆ. ಧ್ವನಿ ಸ್ವಲ್ಪ ಯಂತ್ರದಂತೆ ಕೇಳಿಸುತ್ತದೆ. ನಿಮಗೆ ಅರ್ಥವೇ ಆಗದಷ್ಟು ವೇಗದಲ್ಲಿ ಅವರು ಅದನ್ನು ಕೇಳುತ್ತಿದ್ದರೆ ಆಶ್ಚರ್ಯಪಡಬೇಡಿ.

1. ಕೆಲಸದ ವ್ಯಾಪ್ತಿಯನ್ನು ಬರವಣಿಗೆಯಲ್ಲಿ ಪಡೆಯಿರಿ

ನಮ್ಮ ಕಚೇರಿಗಳಲ್ಲಿ ಈ ಕೆಲಸ ಬಹಳ ಸಲ ಬಾಯಿಮಾತಿನಲ್ಲೇ ಬರುತ್ತದೆ: "ಸ್ವಲ್ಪ ಅವರ ಜೊತೆ ಇರಪ್ಪ." ಮೂರು ತಿಂಗಳು ಕಳೆಯುವಷ್ಟರಲ್ಲಿ ನಿಮ್ಮ ಮೂಲ ಕೆಲಸ ಬಾಕಿ ಉಳಿದು, ಅದಕ್ಕೆ ವಿವರಣೆ ಕೇಳುವವರೂ ಅದೇ ಮೇಲಧಿಕಾರಿಯೇ ಆಗಿರುತ್ತಾರೆ. ಆದ್ದರಿಂದ ದಿನಕ್ಕೆ ಎಷ್ಟು ಹೊತ್ತು, ಯಾವ ಯಾವ ಕೆಲಸಕ್ಕೆ, ನಿಮ್ಮ ಈಗಿನ ಜವಾಬ್ದಾರಿಯಲ್ಲಿ ಯಾವುದು ಬೇರೆಯವರಿಗೆ ಹೋಗುತ್ತದೆ, ನೀವು ರಜೆಯಲ್ಲಿದ್ದರೆ ಯಾರು ಎಂಬ ನಾಲ್ಕು ಅಂಶಗಳಿರುವ ಕಚೇರಿ ಆದೇಶವನ್ನು ವಿನಯದಿಂದ ಕೇಳಿ ಪಡೆಯಿರಿ. ಆದೇಶದ ಕರಡನ್ನು ನಿಮ್ಮ ಸಹೋದ್ಯೋಗಿಗೆ ಓದಿ ಹೇಳದೆ ಅಂತಿಮಗೊಳಿಸಬಾರದು. ಅವರಿಗೆ ಬೇಕಾದ ಸಹಾಯವನ್ನು ಅವರನ್ನು ಬಿಟ್ಟು ಉಳಿದವರೆಲ್ಲ ಕುಳಿತು ನಿರ್ಧರಿಸುವುದನ್ನು ನಾನು ಕಂಡಿದ್ದೇನೆ.

ಮನೆಯ ಕೆಲಸ, ಬ್ಯಾಂಕಿನ ಸ್ವಂತ ವ್ಯವಹಾರ, ಮಕ್ಕಳ ಶಾಲೆಯ ಅರ್ಜಿ ಇವು ಕಚೇರಿ ಸಹಾಯಕರ ಕೆಲಸದಲ್ಲಿ ಸೇರುವುದಿಲ್ಲ. ಸ್ನೇಹದಿಂದ ಮಾಡಿಕೊಟ್ಟರೆ ಅದು ನಿಮ್ಮಿಬ್ಬರ ನಡುವಿನ ಮಾತು. ಆದರೆ ಎರಡನ್ನೂ ಕಲಸಿಬಿಟ್ಟರೆ ಮುಂದೆ ಯಾವುದಕ್ಕೂ "ಆಗುವುದಿಲ್ಲ" ಎನ್ನಲು ನಿಮಗೂ ಕಷ್ಟ, ಕೇಳಲು ಅವರಿಗೂ ಸಂಕೋಚ.

2. ಅವರಿಗೆ ಎಷ್ಟು ಕಾಣುತ್ತದೆ, ಹೇಗೆ ಕೆಲಸ ಮಾಡುತ್ತಾರೆ ಎಂದು ಅವರನ್ನೇ ಕೇಳಿ

ಮೊದಲ ದಿನ ಅರ್ಧ ಗಂಟೆ ಬಿಡುವು ಮಾಡಿಕೊಂಡು ಕುಳಿತು ಮಾತನಾಡಿ. ಕಾಯಿಲೆಯ ಕಥೆ ನಿಮಗೆ ಬೇಡ. ಕೇಳಬೇಕಾದ ಪ್ರಶ್ನೆಗಳು ಬೇರೆ: ಬೆಳಕು ಗೊತ್ತಾಗುತ್ತದೆಯೇ, ದೊಡ್ಡ ಅಕ್ಷರ ಓದಬಲ್ಲಿರಾ, ಬ್ರೈಲ್ ಬಳಸುತ್ತೀರಾ, ಕಂಪ್ಯೂಟರಿನಲ್ಲಿ ಯಾವ ಸ್ಕ್ರೀನ್ ರೀಡರ್, ನಡೆಯುವಾಗ ನನ್ನ ತೋಳು ಬೇಕೇ ಅಥವಾ ಬಿಳಿ ಕೋಲು ಸಾಕೇ, ಕಾಗದವನ್ನು ನಾನು ಓದಬೇಕೇ ಅಥವಾ ಸ್ಕ್ಯಾನ್ ಮಾಡಿ ಕೊಟ್ಟರೆ ನೀವೇ ಓದಿಕೊಳ್ಳುತ್ತೀರಾ.

ಉತ್ತರ ಒಬ್ಬೊಬ್ಬರದು ಒಂದೊಂದು ರೀತಿ ಇರುತ್ತದೆ. ಗ್ಲಾಕೋಮಾ ಅಥವಾ ರೆಟಿನೈಟಿಸ್ ಪಿಗ್‌ಮೆಂಟೋಸಾ ಇರುವ ಕೆಲವರಿಗೆ ಕೊಳವೆಯೊಳಗಿಂದ ನೋಡಿದಂತೆ ನಡುವೆ ಮಾತ್ರ ಕಾಣುತ್ತದೆ. ಅವರು ಪತ್ರವನ್ನು ಓದುತ್ತಾರೆ, ಆದರೆ ಪಕ್ಕದಲ್ಲಿಟ್ಟ ಕುರ್ಚಿಗೆ ಎಡವುತ್ತಾರೆ. ಇನ್ನು ಕೆಲವರಿಗೆ ನಡುವಿನ ನೋಟ ಹೋಗಿ ಅಂಚು ಉಳಿದಿರುತ್ತದೆ. ಅವರು ಕಾರಿಡಾರಿನಲ್ಲಿ ಸಲೀಸಾಗಿ ನಡೆಯುತ್ತಾರೆ, ಎದುರು ನಿಂತವರ ಮುಖ ಗುರುತಿಸಲಾರರು. ಇದನ್ನು ತಿಳಿಯದ ಜನ "ಬೇಕಾದಾಗ ಕಾಣುತ್ತದೆ, ಬೇಡವಾದಾಗ ಕಾಣುವುದಿಲ್ಲ" ಎಂದು ಹಿಂದಿನಿಂದ ಆಡಿಕೊಳ್ಳುವುದುಂಟು. ಆ ಮಾತಿಗೆ ನೀವು ತಲೆಯಾಡಿಸಬೇಡಿ.

ನಡುವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡವರಲ್ಲಿ ಎಲ್ಲರಿಗೂ ಬ್ರೈಲ್ ಬರುವುದಿಲ್ಲ ಎಂಬುದೂ ನೆನಪಿರಲಿ. ಅಂಥವರಿಗೆ ಮೇಜಿನ ಮೇಲೆ ಬ್ರೈಲ್ ಫಲಕ ಇಟ್ಟು ಫೋಟೊ ತೆಗೆಸಿಕೊಂಡರೆ ಪ್ರಯೋಜನ ಫೋಟೊದವರಿಗೆ ಮಾತ್ರ.

3. ಕೋಣೆಯನ್ನು ಪರಿಚಯಿಸಿ, ಆಮೇಲೆ ಅದನ್ನು ಬದಲಾಯಿಸಬೇಡಿ

ಬಾಗಿಲಿನಿಂದ ಮೇಜಿಗೆ, ಮೇಜಿನಿಂದ ಶೌಚಾಲಯಕ್ಕೆ, ಮೇಲಧಿಕಾರಿಯ ಕೊಠಡಿಗೆ, ಕುಡಿಯುವ ನೀರಿನ ಜಾಗಕ್ಕೆ ಹೋಗುವ ದಾರಿಗಳನ್ನು ಜೊತೆಯಲ್ಲಿ ಎರಡು ಮೂರು ಸಲ ನಡೆದು ತೋರಿಸಿ. "ಅಲ್ಲಿ", "ಆ ಕಡೆ" ಎಂಬ ಮಾತುಗಳನ್ನು ಬಿಟ್ಟು, "ನಿಮ್ಮ ಎಡಗೈಗೆ ಗೋಡೆ, ಮೂರನೇ ಬಾಗಿಲು, ಹೊಸ್ತಿಲು ಇದೆ" ಎನ್ನುವ ಅಭ್ಯಾಸ ಬೆಳೆಸಿಕೊಳ್ಳಿ.

ಅಪಾಯ ಸಾಮಾನ್ಯವಾಗಿ ನೆಲದಲ್ಲಿ ಇರುವುದಿಲ್ಲ, ಏಕೆಂದರೆ ನೆಲವನ್ನು ಕೋಲು ಹೇಳುತ್ತದೆ. ಹಳೆಯ ಕಟ್ಟಡಗಳಲ್ಲಿ ಕಾರಿಡಾರಿನ ಕಡೆಗೆ ತೆರೆದುಕೊಳ್ಳುವ ಕಿಟಕಿಯ ಬಾಗಿಲು ಸರಿಯಾಗಿ ಹಣೆಯ ಎತ್ತರಕ್ಕೆ ಇರುತ್ತದೆ. ಅದು ಕೋಲಿಗೆ ಸಿಗುವುದಿಲ್ಲ. ಅರ್ಧ ತೆರೆದ ಬಾಗಿಲೂ ಹಾಗೆಯೇ. ಪೂರ್ತಿ ತೆಗೆದಿಡಿ ಇಲ್ಲವೇ ಪೂರ್ತಿ ಮುಚ್ಚಿ. ಎಳೆದು ಬಿಟ್ಟ ಬೀರುವಿನ ಡ್ರಾಯರು, ನಡುದಾರಿಯಲ್ಲಿ ಪೇರಿಸಿದ ಕಡತದ ಗಂಟು, ಮೆಟ್ಟಿಲ ಬುಡದಲ್ಲಿ ನಿಲ್ಲಿಸಿದ ಬೈಕು ಇವುಗಳ ಬಗ್ಗೆ ಇಡೀ ಶಾಖೆಗೆ ಒಮ್ಮೆ ಹೇಳಿ. ಗುಡಿಸುವವರಿಗೆ ಮರೆಯದೆ ಹೇಳಿ, ಏಕೆಂದರೆ ಬೆಳಿಗ್ಗೆ ಕುರ್ಚಿಗಳ ಜಾಗ ಬದಲಾಗುವುದು ಅವರ ಕೈಯಲ್ಲೇ.

4. ಜೊತೆಯಲ್ಲಿ ನಡೆಯುವ ಕ್ರಮ

ಕೈ ಹಿಡಿದು ಎಳೆಯುವುದು, ಬೆನ್ನ ಮೇಲೆ ಕೈಯಿಟ್ಟು ಮುಂದಕ್ಕೆ ತಳ್ಳುವುದು, ಬಿಳಿ ಕೋಲಿನ ತುದಿ ಹಿಡಿದು ನಡೆಸುವುದು ಮೂರೂ ತಪ್ಪು. ಸರಿಯಾದ ಕ್ರಮ ಹೀಗಿದೆ. ಸಹಾಯ ಬೇಕೇ ಎಂದು ಕೇಳಿ. ಹೌದು ಎಂದರೆ ನಿಮ್ಮ ಮುಂಗೈಯ ಹಿಂಭಾಗದಿಂದ ಅವರ ಕೈಯ ಹಿಂಭಾಗವನ್ನು ಮೆಲ್ಲಗೆ ಮುಟ್ಟಿ. ಅವರು ನಿಮ್ಮ ಮೊಣಕೈಯ ಸ್ವಲ್ಪ ಮೇಲೆ ಹಿಡಿದುಕೊಳ್ಳುತ್ತಾರೆ. ನೀವು ಅರ್ಧ ಹೆಜ್ಜೆ ಮುಂದೆ ನಡೆಯಿರಿ. ನಿಮ್ಮ ಮೈ ತಿರುಗಿದ್ದು, ಏರಿದ್ದು, ಇಳಿದದ್ದು ಅವರಿಗೆ ಆ ತೋಳಿನಿಂದಲೇ ತಿಳಿಯುತ್ತದೆ.

ಕಿರಿದಾದ ಜಾಗ ಬಂದಾಗ ಆ ತೋಳನ್ನು ನಿಮ್ಮ ಬೆನ್ನ ಹಿಂದಕ್ಕೆ ತನ್ನಿ, ಅವರು ನಿಮ್ಮ ನೇರ ಹಿಂದೆ ಬರುತ್ತಾರೆ. ಮೆಟ್ಟಿಲಿನ ಮುಂದೆ ಒಂದು ಕ್ಷಣ ನಿಂತು "ಹತ್ತುವ ಮೆಟ್ಟಿಲು" ಅಥವಾ "ಇಳಿಯುವ ಮೆಟ್ಟಿಲು" ಎನ್ನಿ, ಕೊನೆಯ ಮೆಟ್ಟಿಲಿನಲ್ಲಿ "ಮುಗಿಯಿತು" ಎನ್ನಿ. ಬರೀ "ಮೆಟ್ಟಿಲು" ಎಂದರೆ ಕಾಲು ಎತ್ತಬೇಕೋ ಇಳಿಸಬೇಕೋ ತಿಳಿಯುವುದಿಲ್ಲ. ಕುರ್ಚಿಯ ಹತ್ತಿರ ಅವರ ಕೈಯನ್ನು ಕುರ್ಚಿಯ ಬೆನ್ನಿಗೆ ಮುಟ್ಟಿಸಿದರೆ ಸಾಕು, ಹೆಗಲು ಹಿಡಿದು ಕೂರಿಸಬೇಕಾಗಿಲ್ಲ. ಜೀಪು ಕಾರುಗಳಲ್ಲಿ ಒಂದು ಕೈ ತೆರೆದ ಬಾಗಿಲಿಗೆ, ಇನ್ನೊಂದು ಕೈ ಚಾವಣಿಯ ಅಂಚಿಗೆ ತಾಗಿಸಿದರೆ ತಲೆ ತಗಲುವುದಿಲ್ಲ.

ಹೋಗುವಾಗ "ನಾನು ತಪಾಲು ಶಾಖೆಗೆ ಹೋಗಿ ಬರುತ್ತೇನೆ" ಎಂದು ಹೇಳಿಯೇ ಹೋಗಿ. ಹೇಳದೆ ಎದ್ದುಹೋದರೆ ಅವರು ಖಾಲಿ ಕುರ್ಚಿಯೊಂದಿಗೆ ಎರಡು ನಿಮಿಷ ಮಾತನಾಡಿರುತ್ತಾರೆ, ಅದನ್ನು ನಾಲ್ಕು ಜನ ನೋಡಿರುತ್ತಾರೆ. ನಡುವೆ ಎಲ್ಲಾದರೂ ನಿಲ್ಲಿಸಿ ಹೋಗಬೇಕಾದರೆ ಗೋಡೆ ಅಥವಾ ಮೇಜು ಕೈಗೆ ಸಿಗುವಂತೆ ನಿಲ್ಲಿಸಿ, ಬಯಲಿನ ನಡುವೆ ಬೇಡ.

5. ಕಡತ ಓದಿ ಹೇಳುವುದು

ಇದೇ ಈ ಕೆಲಸದ ಹೃದಯಭಾಗ. ಅಕ್ಷರ ಬಲ್ಲವರೆಲ್ಲ ಓದಬಲ್ಲರು ಎಂದು ತಿಳಿದು ತರಬೇತಿಯಿಲ್ಲದೆ ಎಲ್ಲರೂ ಕೈಹಾಕುವ ಕೆಲಸವೂ ಇದೇ.

ಕಣ್ಣಿರುವವರು ಪತ್ರವನ್ನು ಕೈಗೆತ್ತಿಕೊಂಡ ಕ್ಷಣದಲ್ಲಿ, ಓದುವ ಮೊದಲೇ, ಬಹಳಷ್ಟು ತಿಳಿದುಕೊಂಡಿರುತ್ತಾರೆ: ಯಾವ ಕಚೇರಿಯ ಶಿರೋನಾಮೆ, ಎಷ್ಟು ಪುಟ, ಮುದ್ರಿತವೋ ಕೈಬರಹವೋ, ಯಾರು ಸಹಿ ಮಾಡಿದ್ದಾರೆ, ಯಾವ ಮೊಹರು ಬಿದ್ದಿದೆ. ಆ ನೋಟವನ್ನು ನೀವು ಮಾತಿನಲ್ಲಿ ಕೊಡಬೇಕು. ಆದ್ದರಿಂದ ಯಾವುದೇ ಪತ್ರವನ್ನು ಈ ಅನುಕ್ರಮದಲ್ಲಿ ಹೇಳಿ: ಯಾರಿಂದ ಯಾರಿಗೆ, ಪತ್ರ ಸಂಖ್ಯೆ ಮತ್ತು ದಿನಾಂಕ, ವಿಷಯ, ಉಲ್ಲೇಖಗಳು ಎಷ್ಟು, ಒಟ್ಟು ಪುಟಗಳೆಷ್ಟು, ಅಡಕಗಳು ಇವೆಯೇ, ಕೊನೆಯಲ್ಲಿ ಸಹಿ ಯಾರದು, ಅಂಚಿನಲ್ಲಿ ಕೈಬರಹದ ಷರಾ ಇದೆಯೇ. ಇಷ್ಟನ್ನು ಹೇಳಿ ನಿಲ್ಲಿಸಿ. ಪೂರ್ತಿ ಓದಬೇಕೇ, ಕೊನೆಯ ಕಂಡಿಕೆ ಸಾಕೇ ಎಂದು ಅವರು ಹೇಳುತ್ತಾರೆ.

ಅಂಚಿನ ಷರಾ ಬಗ್ಗೆ ವಿಶೇಷ ಎಚ್ಚರ ಬೇಕು. ಒಮ್ಮೆ ನಾನು ಟಿಪ್ಪಣಿ ಹಾಳೆಯ ಮುದ್ರಿತ ಭಾಗವನ್ನೆಲ್ಲ ಅಚ್ಚುಕಟ್ಟಾಗಿ ಓದಿ, ಎಡ ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣಗೆ ಬರೆದಿದ್ದ "ಚರ್ಚಿಸಿ" ಎಂಬ ಒಂದು ಪದವನ್ನು ಬಿಟ್ಟುಬಿಟ್ಟೆ. ಚರ್ಚಿಸದೆ ಮೇಲೆ ಹೋದ ಕಡತ ಮರುದಿನ ಮೇಲಧಿಕಾರಿಯ ಸಿಟ್ಟಿನೊಂದಿಗೆ ವಾಪಸು ಬಂತು. ಬೈಗುಳ ತಿಂದವರು ನಾನಲ್ಲ, ನನ್ನ ಸಹೋದ್ಯೋಗಿ. ನಾನು ಬಿಟ್ಟದ್ದು ಒಂದು ಪದ, ಅವರಿಗೆ ಅಂಟಿದ್ದು "ಕಡತ ನೋಡದೆ ಸಹಿ ಹಾಕುತ್ತಾರೆ" ಎಂಬ ಹೆಸರು. ಅಂದಿನಿಂದ ಪ್ರತಿ ಪುಟ ತಿರುಗಿಸುವಾಗಲೂ ನಾಲ್ಕು ಅಂಚು ಮತ್ತು ಹಿಂಬದಿ ನೋಡಿ, "ಅಂಚು ಖಾಲಿ" ಎಂದು ಬಾಯಿಬಿಟ್ಟು ಹೇಳುವುದನ್ನು ರೂಢಿ ಮಾಡಿಕೊಂಡೆ.

ಸಂಖ್ಯೆಗಳನ್ನು ಓದುವುದಕ್ಕೆ ನಿಮ್ಮಿಬ್ಬರ ನಡುವೆ ಒಂದು ಪದ್ಧತಿ ಇರಲಿ. ಸರ್ವೆ ನಂಬರು 45/2 ಇದ್ದರೆ "ನಾಲ್ಕು ಐದು ಬಾರ್ ಎರಡು" ಎಂದು ಬಿಡಿ ಅಂಕೆಗಳಲ್ಲಿ ಹೇಳಿ. ಹಣವನ್ನು ಪೂರ್ತಿ ಸಂಖ್ಯೆಯಾಗಿ ಹೇಳಿ, ಅಂಕೆಯಲ್ಲೂ ಅಕ್ಷರದಲ್ಲೂ ಬರೆದಿದ್ದರೆ ಎರಡನ್ನೂ ಓದಿ, ಏಕೆಂದರೆ ಅವೆರಡೂ ಹೊಂದದ ಬಿಲ್ಲುಗಳು ಅಪರೂಪವಲ್ಲ. ಪಹಣಿಯಲ್ಲಿ ವಿಸ್ತೀರ್ಣ 2.10 ಎಂದಿದ್ದರೆ ಅದನ್ನು "ಎರಡು ಪಾಯಿಂಟ್ ಒಂದು" ಎಂದು ಎಂದಿಗೂ ಓದಬಾರದು. ಅದು ಎರಡು ಎಕರೆ ಹತ್ತು ಗುಂಟೆ. 40 ಗುಂಟೆಗೆ ಒಂದು ಎಕರೆಯಾದ್ದರಿಂದ ದಶಮಾಂಶದ ಲೆಕ್ಕದಲ್ಲಿ ಅದು ಎರಡೂಕಾಲು ಎಕರೆ. ಕಾಗದ ನೋಡುವವರಿಗೆ ಆ ಕಾಲಂನ ತಲೆಬರಹ ಕಣ್ಣಿಗೆ ಬೀಳುತ್ತದೆ, ಕೇಳುವವರಿಗೆ ನಿಮ್ಮ ಬಾಯಿಂದ ಬಂದದ್ದು ಮಾತ್ರ ಇರುತ್ತದೆ.

ಪಟ್ಟಿಗಳನ್ನು ಓದುವಾಗ ಮೊದಲು ಎಷ್ಟು ಕಾಲಂ, ಅವುಗಳ ತಲೆಬರಹವೇನು, ಎಷ್ಟು ಸಾಲು ಎಂದು ಹೇಳಿ, ಅಡ್ಡ ಓದಬೇಕೋ ಉದ್ದ ಓದಬೇಕೋ ಕೇಳಿ. ಅನುಭವಿ ಅಧಿಕಾರಿ ಪಹಣಿಯನ್ನು ಮೊದಲಿನಿಂದ ಓದಿಸುವುದಿಲ್ಲ. "ಒಂಬತ್ತನೇ ಕಾಲಂ ಹೇಳಿ, ಹನ್ನೊಂದು ಹೇಳಿ" ಎನ್ನುತ್ತಾರೆ, ಅಂದರೆ ಖಾತೆ ಯಾರ ಹೆಸರಿನಲ್ಲಿದೆ, ಸಾಲ ಮತ್ತು ಇತರ ಹಕ್ಕುಗಳೇನು ಎಂದು. ನೀವೂ ಹಾಗೆಯೇ ನೇರವಾಗಿ ಅಲ್ಲಿಗೆ ಹೋಗಿ. ಹೆಸರುಗಳಲ್ಲಿ ಶ, ಷ, ಲ, ಳ ವ್ಯತ್ಯಾಸವನ್ನೂ "ಬಿನ್", "ಕೋಂ" ಎಂಬ ಸಂಬಂಧಸೂಚಕಗಳನ್ನೂ ನುಂಗಬೇಡಿ. ಒಂದೇ ಊರಿನಲ್ಲಿ ನಾಲ್ವರು ಮರಿಯಪ್ಪಂದಿರು ಇರುತ್ತಾರೆ.

ಇನ್ನು ಹುಷಾರಾಗಿರಬೇಕಾದ ಮೂರು ದೋಷಗಳು. ಮೊದಲನೆಯದು ಸಾರಾಂಶ. "ಏನಿಲ್ಲ ಸರ್, ಅದೇ ಮಾಮೂಲಿ ನೆನಪೋಲೆ" ಎಂದುಬಿಟ್ಟರೆ ಮಾಮೂಲಿಯೋ ಅಲ್ಲವೋ ಎಂದು ನೀವೇ ತೀರ್ಪು ಕೊಟ್ಟಂತಾಯಿತು. ಅವರು ಕೇಳಿದರೆ ಮಾತ್ರ ಸಾರಾಂಶ ಹೇಳಿ. ಎರಡನೆಯದು ಧ್ವನಿ. ನಿಮಗೆ ಒಪ್ಪಿಗೆಯಿಲ್ಲದ ಮನವಿಯನ್ನು ಬೇಸರದ ದನಿಯಲ್ಲಿ ಓದಿದರೆ ಅರ್ಜಿದಾರರಿಗೆ ಅಲ್ಲಿಯೇ ಅನ್ಯಾಯವಾಗುತ್ತದೆ. ಮೂರನೆಯದು ನಡುವೆ ತಿದ್ದುವುದು. ಪತ್ರದಲ್ಲಿ ಕಾಗುಣಿತ ತಪ್ಪಿದ್ದರೆ ತಪ್ಪಿದೆ ಎಂದು ಹೇಳಿ, ಓದುತ್ತಾ ಓದುತ್ತಾ ಸರಿಮಾಡಿಬಿಡಬೇಡಿ. ಅವರು ಸಹಿ ಹಾಕುವುದು ಕಾಗದದಲ್ಲಿ ಇರುವುದಕ್ಕೆ, ನೀವು ಓದಿದ್ದಕ್ಕಲ್ಲ.

6. ಕಾಗದವನ್ನೂ ಕಂಪ್ಯೂಟರನ್ನೂ ಅವರೇ ಓದುವಂತೆ ಮಾಡುವುದು

ಒಳ್ಳೆಯ ಸಹಾಯಕರು ಆರು ತಿಂಗಳಲ್ಲಿ ತಮ್ಮ ಓದುವ ಕೆಲಸವನ್ನು ಅರ್ಧಕ್ಕೆ ಇಳಿಸಿರಬೇಕು ಎಂಬುದು ನನ್ನ ಅಭಿಪ್ರಾಯ. ಹಾಗೆ ಇಳಿಸುವ ದಾರಿ ಕಂಪ್ಯೂಟರಿನಲ್ಲಿದೆ, ಮತ್ತು ಕನ್ನಡದ ಕಚೇರಿಗಳಲ್ಲಿ ಆ ದಾರಿಗೆ ಅಡ್ಡ ಬಿದ್ದಿರುವ ಕಲ್ಲು ಹಳೆಯ ಫಾಂಟು.

ವಿಷಯ ಹೀಗಿದೆ. ಹಳೆಯ ನುಡಿ ಮತ್ತು ಬರಹ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಕಡತ ನೋಡುವವರಿಗೆ ಕನ್ನಡವಾಗಿ ಕಂಡರೂ, ಕಂಪ್ಯೂಟರಿನ ಒಳಗೆ ಅದು ಕನ್ನಡ ಆಗಿರುವುದಿಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಕನ್ನಡದ ಚಿತ್ರ ತೊಡಿಸಿರುತ್ತಾರೆ, ಅಷ್ಟೆ. ಹಳೆಯ ನುಡಿಯಲ್ಲಿ "ಕನ್ನಡ" ಎಂದು ಬರೆದರೆ ಒಳಗೆ ಸಂಗ್ರಹವಾಗುವುದು ಇಂಗ್ಲಿಷಿನ ಪಿ, ಮೇಲೆ ಗೆರೆಯಿರುವ ಎ, ಪೌಂಡ್ ನಾಣ್ಯದ ಚಿಹ್ನೆ, ಕ್ಯೂ ಇತ್ಯಾದಿ. ಸ್ಕ್ರೀನ್ ರೀಡರಿಗೆ ಚಿತ್ರ ಕಾಣುವುದಿಲ್ಲ, ಒಳಗಿರುವುದು ಮಾತ್ರ ಸಿಗುತ್ತದೆ. ಹಾಗಾಗಿ ಅದು ಆ ಪಿ, ಪೌಂಡ್, ಕ್ಯೂಗಳನ್ನೇ ಗಟ್ಟಿಯಾಗಿ ಓದುತ್ತದೆ. ಯುನಿಕೋಡ್‌ನಲ್ಲಿ, ಅಂದರೆ ಪ್ರತಿ ಭಾಷೆಯ ಪ್ರತಿ ಅಕ್ಷರಕ್ಕೂ ಅದರದೇ ಸಂಕೇತ ಸಂಖ್ಯೆಯಿರುವ ವ್ಯವಸ್ಥೆಯಲ್ಲಿ, ಬರೆದ ಕನ್ನಡ ಮಾತ್ರ ಕನ್ನಡವಾಗಿ ಕೇಳಿಸುತ್ತದೆ.

ನಿಮ್ಮ ಕೈಯಲ್ಲಿರುವ ಕಡತ ಯಾವುದೆಂದು ತಿಳಿಯಲು ಸುಲಭ ಪರೀಕ್ಷೆ ಇದೆ. ಒಂದು ಸಾಲನ್ನು ನಕಲಿಸಿ ನೋಟ್‌ಪ್ಯಾಡ್‌ಗೆ ಅಂಟಿಸಿ. ಕನ್ನಡವಾಗಿಯೇ ಉಳಿದರೆ ಯುನಿಕೋಡ್, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಗೊಂದಲವಾದರೆ ಹಳೆಯ ಫಾಂಟು. ಹಳೆಯದನ್ನು ಯುನಿಕೋಡ್‌ಗೆ ಬದಲಿಸುವ ಪರಿವರ್ತಕ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಪರಿವರ್ತನೆಯಾದ ಮೇಲೆ ಅರ್ಕಾವತ್ತು, ಒತ್ತಕ್ಷರ ಮತ್ತು ಅಂಕೆಗಳನ್ನು ಮೂಲದೊಂದಿಗೆ ಒಮ್ಮೆ ಹೋಲಿಸಿ, ತಪ್ಪುಗಳು ಹೆಚ್ಚಾಗಿ ಅಲ್ಲೇ ಅಡಗಿರುತ್ತವೆ. ಇದಕ್ಕಿಂತ ಉತ್ತಮವಾದದ್ದು, ಶಾಖೆಯ ಬೆರಳಚ್ಚುಗಾರರು ಇನ್ನು ಮುಂದೆ ಯುನಿಕೋಡ್‌ನಲ್ಲಿಯೇ ಟೈಪು ಮಾಡುವಂತೆ ಮಾಡುವುದು. ಕೀಲಿಮಣೆ ಅದೇ ಇರುತ್ತದೆ, ಬೆರಳಿಗೆ ಹೊಸದೇನೂ ಇಲ್ಲ ಎಂದು ತೋರಿಸಿಕೊಟ್ಟರೆ ಅರ್ಧ ವಿರೋಧ ಅಲ್ಲೇ ಕರಗುತ್ತದೆ.

ಎರಡನೆಯ ತೊಡಕು ಸ್ಕ್ಯಾನ್ ಮಾಡಿದ ಪಿಡಿಎಫ್. ಅದು ಕಾಗದದ ಫೋಟೊ, ಅದರಲ್ಲಿ ಓದಲು ಅಕ್ಷರವೇ ಇಲ್ಲ. ಚಿತ್ರದಿಂದ ಅಕ್ಷರವನ್ನು ಗುರುತಿಸಿ ತೆಗೆಯುವ ಓಸಿಆರ್ ತಂತ್ರಾಂಶ ಬೇಕು. ಗೂಗಲ್ ಡ್ರೈವ್ ಮೂಲಕವೂ, ಟೆಸರಾಕ್ಟ್ ಎಂಬ ಉಚಿತ ತಂತ್ರಾಂಶದಿಂದಲೂ ಕನ್ನಡದ ಓಸಿಆರ್ ಮಾಡಬಹುದು. ಇಲ್ಲಿ ಒಂದು ಎಚ್ಚರಿಕೆ: ಕಚೇರಿಯ ಗೋಪ್ಯ ಕಡತವನ್ನು, ಜನರ ಆಧಾರ್ ಸಂಖ್ಯೆಯಿರುವ ಅರ್ಜಿಯನ್ನು ನಿಮ್ಮ ಸ್ವಂತ ಖಾತೆಗೆ ಏರಿಸಿ ಓಸಿಆರ್ ಮಾಡಬೇಡಿ. ಟೆಸರಾಕ್ಟ್ ಕಚೇರಿಯ ಕಂಪ್ಯೂಟರಿನಲ್ಲಿಯೇ, ಇಂಟರ್‌ನೆಟ್ ಇಲ್ಲದೆ ಕೆಲಸ ಮಾಡುತ್ತದೆ. ಕೈಬರಹಕ್ಕೆ ಇವನ್ನು ನಂಬಬೇಡಿ, ಅದನ್ನು ನೀವೇ ಓದಿ.

ನೀವೇ ಸಿದ್ಧಪಡಿಸುವ ಕಡತಗಳಲ್ಲಿ ಶೀರ್ಷಿಕೆಗೆ ದಪ್ಪ ಅಕ್ಷರ ಹಾಕುವ ಬದಲು ವರ್ಡ್ ತಂತ್ರಾಂಶದ ಹೆಡ್ಡಿಂಗ್ ಶೈಲಿಯನ್ನೇ ಬಳಸಿ. ಆಗ ಅವರು ಒಂದು ಕೀಲಿಯಿಂದ ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರಬಲ್ಲರು. ಎಕ್ಸೆಲ್‌ನಲ್ಲಿ ಕೋಶಗಳನ್ನು ಮರ್ಜ್ ಮಾಡಬೇಡಿ. "ಕೆಂಪು ಬಣ್ಣದವು ಬಾಕಿ" ಎಂದು ಬಣ್ಣದಲ್ಲಿ ಮಾತ್ರ ಗುರುತಿಸಬೇಡಿ, "ಬಾಕಿ" ಎಂಬ ಕಾಲಂ ಸೇರಿಸಿ.

7. ಸಹಿ, ಪಾಸ್‌ವರ್ಡ್, ಓಟಿಪಿ

ಕಾಗದದ ಮೇಲೆ ಸಹಿ ಮಾಡುವವರಿಗೆ ಜಾಗ ತೋರಿಸಲು ಹಳೆಯ ಎಟಿಎಂ ಕಾರ್ಡು ಸಾಕು. ಸಹಿ ಬೀಳಬೇಕಾದ ಗೆರೆಗೆ ಕಾರ್ಡಿನ ಮೇಲಂಚು ಸರಿಯಾಗಿ ಕೂರುವಂತೆ ಇಟ್ಟು, ಅವರ ಎಡಗೈ ಬೆರಳನ್ನು ಆ ಅಂಚಿಗೆ ತಾಗಿಸಿದರೆ ಸಹಿ ನೇರವಾಗಿ ಬರುತ್ತದೆ. ಪಿನ್ ಯಾವಾಗಲೂ ಎಡ ಮೇಲ್ತುದಿಯಲ್ಲೇ ಇರಲಿ, ಹಾಳೆಯ ತಲೆ ಯಾವುದು ಬುಡ ಯಾವುದು ಎಂದು ಅವರ ಬೆರಳಿಗೇ ಗೊತ್ತಾಗುತ್ತದೆ. ತುರ್ತು ಕಡತಕ್ಕೆ ಎರಡು ರಬ್ಬರ್ ಬ್ಯಾಂಡ್, ಮಾಮೂಲಿಗೆ ಒಂದು ಎಂಬಂಥ ಗುರುತುಗಳೂ ಚೆನ್ನಾಗಿ ನಡೆಯುತ್ತವೆ.

ಪೂರ್ತಿ ಓದಿ ಹೇಳದ ಕಾಗದಕ್ಕೆ ಸಹಿ ಪಡೆಯಬೇಡಿ, ಬೇರೆಯವರು "ಬರೀ ಒಂದು ಸಹಿ" ಎಂದು ತಂದರೂ ಒಪ್ಪಬೇಡಿ. ಸಹಿ ಮಾಡಬಲ್ಲವರಿಂದ ಹೆಬ್ಬೆಟ್ಟು ಒತ್ತಿಸಲು ಯಾರಾದರೂ ಹೊರಟರೆ ಅದನ್ನು ಅಲ್ಲೇ ತಡೆಯಿರಿ.

ಅವರ ಪಾಸ್‌ವರ್ಡ್ ನಿಮಗೆ ತಿಳಿದಿರಬಾರದು. ಡಿಜಿಟಲ್ ಸಹಿಯ ಕೀ, ಅಂದರೆ ಡಿಎಸ್‌ಸಿ, ಅವರ ಜೇಬಿನಲ್ಲಿರಬೇಕು, ಅದರ ಪಿನ್ ಅವರ ತಲೆಯಲ್ಲಿರಬೇಕು. "ಕೆಲಸ ಬೇಗ ಆಗುತ್ತದೆ, ನಿಮ್ಮ ಹತ್ತಿರವೇ ಇರಲಿ" ಎಂದು ಅವರೇ ಕೊಟ್ಟರೂ ವಾಪಸು ಕೊಡಿ. ನಾಳೆ ಒಂದು ತಪ್ಪು ಆದೇಶ ಹೊರಬಿದ್ದರೆ ಇಬ್ಬರೂ ಸಿಕ್ಕಿಬೀಳುತ್ತೀರಿ. ಓಟಿಪಿಯನ್ನು ಫೋನು ಗಟ್ಟಿಯಾಗಿ ಓದುವುದರಿಂದ ಇಯರ್‌ಫೋನ್ ಹಾಕಿಕೊಳ್ಳಲು ನೆನಪಿಸಿ. ಚಿತ್ರ ನೋಡಿ ಅಕ್ಷರ ತುಂಬುವ ಕ್ಯಾಪ್ಚಾ ಬಂದಾಗ ಧ್ವನಿಯ ಆಯ್ಕೆ ಇದೆಯೇ ನೋಡಿ, ಇಲ್ಲದಿದ್ದರೆ ಆ ಅಕ್ಷರಗಳನ್ನಷ್ಟೇ ಓದಿ ಹೇಳಿ ಕೈ ತೆಗೆಯಿರಿ, ಮತ್ತು ಧ್ವನಿಯ ಆಯ್ಕೆ ಇಲ್ಲವೆಂದು ಆ ಜಾಲತಾಣದವರಿಗೆ ಬರೆಯಿರಿ. ಡಿಜಿಟಲ್ ಸೇವೆಗಳು ಎಲ್ಲರಿಗೂ ಎಟುಕಬೇಕಾದದ್ದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟು 2025ರ ಏಪ್ರಿಲ್ 30ರಂದು, ಡಿಜಿಟಲ್ ಕೆವೈಸಿಗೆ ಸಂಬಂಧಿಸಿದ ಪ್ರಕರಣದಲ್ಲಿ ಹೇಳಿದೆ. ನಿಮ್ಮ ಪತ್ರದಲ್ಲಿ ಅದನ್ನು ಉಲ್ಲೇಖಿಸಬಹುದು.

8. ಸಭೆ, ಸಾರ್ವಜನಿಕರು, ಊಟ

ಸಭೆಯ ಕಾಗದಗಳನ್ನು ಹಿಂದಿನ ದಿನವೇ ತರಿಸಿಕೊಂಡು ಅವರು ಓದಬಲ್ಲ ರೂಪಕ್ಕೆ ತಂದಿಡಿ. ಸಭೆ ಆರಂಭವಾಗುವ ಮೊದಲು ಯಾರು ಯಾರು ಬಂದಿದ್ದಾರೆ, ಯಾರು ಎಲ್ಲಿ ಕುಳಿತಿದ್ದಾರೆ ಎಂದು ಮೆಲುದನಿಯಲ್ಲಿ ಹೇಳಿ. ಪರದೆ ತೋರಿಸುತ್ತಾ "ಇಲ್ಲಿ ನೋಡಿ, ಹೀಗೆ ಏರಿದೆ" ಎಂದು ಮುಂದುವರಿಯುವವರಿಗೆ ಅಂಕಿ ಓದಿ ಹೇಳುವಂತೆ ಕೋರಬಹುದು. ಆ ಕೋರಿಕೆ ನಿಮ್ಮದಲ್ಲ, ನಿಮ್ಮ ಸಹೋದ್ಯೋಗಿಯದು. ಅವರಿಗೆ ಸುಳಿವು ಕೊಟ್ಟು ಸುಮ್ಮನಿರಿ.

ಸಾರ್ವಜನಿಕರ ವಿಷಯದಲ್ಲಿ ಒಂದೇ ಸಮಸ್ಯೆ ದಿನವೂ ಎದುರಾಗುತ್ತದೆ. ಅಹವಾಲು ತಂದವರು ಅಧಿಕಾರಿಯ ಎದುರು ನಿಂತು, ಮುಖವನ್ನು ನಿಮ್ಮ ಕಡೆ ತಿರುಗಿಸಿ, "ಸಾಹೇಬರು ಇದಕ್ಕೆ ಏನಂತಾರೆ?" ಎನ್ನುತ್ತಾರೆ. ಚಹಾ ತಂದ ಹುಡುಗನೂ "ಸರ್‌ಗೆ ಸಕ್ಕರೆ ಹಾಕ್ಲಾ?" ಎಂದು ನಿಮ್ಮನ್ನೇ ಕೇಳುತ್ತಾನೆ. ಉತ್ತರ ನಿಮಗೆ ಗೊತ್ತಿದ್ದರೂ ಹೇಳಬೇಡಿ. "ಸರ್ ಇಲ್ಲೇ ಇದ್ದಾರೆ, ಅವರನ್ನೇ ಕೇಳಿ" ಎಂದು ನಗುಮುಖದಿಂದ ಹೇಳಿ, ಕಡತದ ಕಡೆ ಕಣ್ಣು ತಗ್ಗಿಸಿ. ಕೇಳುವವರಿಗೆ ನಿಮ್ಮ ಕಣ್ಣು ಸಿಗದಿದ್ದರೆ ಅವರ ಮಾತು ತಾನಾಗಿಯೇ ಸರಿಯಾದ ಕಡೆ ತಿರುಗುತ್ತದೆ. ಕುರ್ಚಿಯನ್ನು ಅಧಿಕಾರಿಯ ಪಕ್ಕದಲ್ಲಿ ಸರಿಸಮವಾಗಿ ಹಾಕಿಕೊಳ್ಳದೆ ಒಂದು ಅಡಿ ಹಿಂದಕ್ಕೆ ಹಾಕಿಕೊಂಡರೆ ಇನ್ನೂ ಒಳ್ಳೆಯದು.

ಊಟದ ಹೊತ್ತಿನಲ್ಲಿ ತಟ್ಟೆಯನ್ನು ಗಡಿಯಾರದ ಮುಖವೆಂದು ಎಣಿಸಿ "ಅನ್ನ ಆರು ಗಂಟೆಯ ಕಡೆ, ಪಲ್ಯ ಹತ್ತರ ಕಡೆ, ನೀರಿನ ಲೋಟ ತಟ್ಟೆಯ ಆಚೆ ಬಲಕ್ಕೆ" ಎಂದರೆ ಸಾಕು. ಬಾಳೆ ಎಲೆಯ ಊಟವಾದರೆ ಅಷ್ಟೂ ಬೇಕಾಗಿಲ್ಲ. ಉಪ್ಪು ಎಲ್ಲಿ, ಕೋಸಂಬರಿ ಎಲ್ಲಿ ಎಂಬುದು ನಮ್ಮ ಬಡಿಸುವ ಕ್ರಮದಲ್ಲಿ ಮೊದಲೇ ನಿಗದಿಯಾಗಿರುತ್ತದೆ.

9. ಗೋಪ್ಯತೆ, ಮತ್ತು ನಿಮ್ಮ ಸ್ವಂತ ಅಭಿಪ್ರಾಯ

ಅವರಿಗಾಗಿ ಓದಿದ ಪತ್ರ, ಅವರ ಫೋನಿನಲ್ಲಿ ಕಂಡ ಸಂದೇಶ, ಅವರ ಮೇಲಿನ ದೂರು ಇವು ಆ ಮೇಜಿನಿಂದ ಆಚೆ ಹೋಗಬಾರದು. ಅವರ ಬಗ್ಗೆಯೇ ಬಂದ ಗೋಪ್ಯ ಪತ್ರವನ್ನು ನೀವು ಓದಬೇಕಾದ ಇಕ್ಕಟ್ಟು ಬರಬಹುದು. ಅಂಥದ್ದನ್ನು ತೆರೆಯುವ ಮೊದಲು "ಲಕೋಟೆಯ ಮೇಲೆ ಗೋಪ್ಯ ಎಂದಿದೆ, ನಾನು ಓದಬಹುದೇ?" ಎಂದು ಕೇಳಿ. ಅವರು ಮನೆಗೆ ಒಯ್ದು ಓದಿಸಿಕೊಳ್ಳುತ್ತೇನೆ ಎಂದರೆ ಬೇಸರಿಸಬೇಡಿ.

ಕಡತದ ಬಗ್ಗೆ ನಿಮಗೂ ಅಭಿಪ್ರಾಯ ಇರುತ್ತದೆ, ಇರಬೇಕು ಕೂಡ. ಪೂರ್ತಿ ಓದಿ ಮುಗಿಸಿದ ಮೇಲೆ, ಅವರು ಕೇಳಿದರೆ, "ಇದು ನನ್ನ ಅನಿಸಿಕೆ" ಎಂದು ಬೇರ್ಪಡಿಸಿ ಹೇಳಿ.

10. ನೀವು ಹೋಗುವಾಗ

ವರ್ಗವಾದಾಗ ಅಥವಾ ದೀರ್ಘ ರಜೆಗೆ ಹೋಗುವಾಗ, ನಿಮ್ಮಿಬ್ಬರ ನಡುವೆ ಬೆಳೆದುಬಂದ ಪದ್ಧತಿಗಳನ್ನೆಲ್ಲ ಒಂದೆರಡು ಪುಟದಲ್ಲಿ ಬರೆದು, ನಿಮ್ಮ ಸಹೋದ್ಯೋಗಿಗೆ ಓದಿ ತೋರಿಸಿ, ಅವರು ತಿದ್ದಿದ ಮೇಲೆ ಮುಂದೆ ಬರುವವರಿಗೆ ಕೊಡಿ. ಸಂಖ್ಯೆ ಓದುವ ರೀತಿ, ಫೋಲ್ಡರುಗಳ ಹೆಸರು, ಯಾವ ಬೀರುವಿನ ಎಷ್ಟನೇ ಅಡ್ಡಹಲಗೆಯಲ್ಲಿ ಏನಿದೆ, ಎರಡು ರಬ್ಬರ್ ಬ್ಯಾಂಡಿನ ಅರ್ಥ ಎಲ್ಲವೂ ಅದರಲ್ಲಿರಲಿ. ಹೊಸಬರು ಮೊದಲ ವಾರದಲ್ಲಿ ಸಾಮಾನ್ಯವಾಗಿ ಮೇಜನ್ನು "ನೀಟಾಗಿ" ಜೋಡಿಸಿಬಿಡುತ್ತಾರೆ, ಆಮೇಲೆ ಅಧಿಕಾರಿ ತಮ್ಮದೇ ಸ್ಟೇಪ್ಲರಿಗಾಗಿ ತಡಕಾಡಬೇಕಾಗುತ್ತದೆ. ಆದ್ದರಿಂದ ಆ ಟಿಪ್ಪಣಿಯ ಮೊದಲ ಸಾಲಾಗಿ, ಮೇಜಿನ ಮೇಲಿನ ಯಾವ ವಸ್ತುವನ್ನೂ ಅವರನ್ನು ಕೇಳದೆ ಸರಿಸಬಾರದು ಎಂದು ಬರೆಯಿರಿ.